ಹೊಸ ಕಂಪ್ಯೂಟರ್ ಜೋಡಿಸಿದ್ದೀರಿ, ಡಿಸ್‌ಪ್ಲೇ ಬರುತ್ತಿಲ್ಲ: ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ಕೊನೆಯ ಸ್ಕ್ರೂ ಬಿಗಿದು, ಕೇಬಲ್ ಸಿಕ್ಕಿಸಿ, ಬಟನ್ ಒತ್ತಿದ್ದಾಯಿತು. ಫ್ಯಾನ್ ತಿರುಗಿತು, ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ ಎಂದು ಗೊತ್ತಾದವರು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದಲೋ ಆನ್‌ಲೈನ್‌ನಿಂದಲೋ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಲು ಕೂರುತ್ತಾರೆ. ಅವರಲ್ಲಿ ಬಹಳ ಮಂದಿಗೆ ಮೊದಲ ಸಲ ಎದುರಾಗುವ ದೃಶ್ಯ ಈ ಕಪ್ಪು ಪರದೆ.

ಆ ಕ್ಷಣದಲ್ಲಿ ಯಾವುದೋ ಭಾಗ ಸುಟ್ಟುಹೋಗಿದೆ ಎಂದೇ ಮನಸ್ಸು ಹೇಳುತ್ತದೆ. ಆದರೆ ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಏಳದಿದ್ದಾಗ ಕಾರಣ ಹೆಚ್ಚಾಗಿ ಪೂರ್ತಿ ಕೂರದ ರ‍್ಯಾಮ್, ಸಿಕ್ಕಿಸಲು ಮರೆತ ಒಂದು ಕೇಬಲ್ ಅಥವಾ ಹಳೆಯ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶ) ಆಗಿರುತ್ತದೆ. ಹುಡುಕಲು ಒಂದು ಕ್ರಮ ಬೇಕು, ಅಷ್ಟೆ. ಯಂತ್ರ ಯಾವ ಹಂತದವರೆಗೆ ಬಂದು ನಿಂತಿದೆ ಎಂದು ಮೊದಲು ತಿಳಿಯಬೇಕು. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಬೇಕು.

## ಬಟನ್ ಒತ್ತಿದ ಮೇಲೆ ಒಳಗೆ ನಡೆಯುವುದೇನು

ಮನೆಯ ನಲ್ಲಿಯಲ್ಲಿ ನೀರು ಬರದಿದ್ದರೆ ನಲ್ಲಿಯನ್ನೇ ಬಿಚ್ಚಲು ಯಾರೂ ಹೋಗುವುದಿಲ್ಲ. ಸಂಪಿನಲ್ಲಿ ನೀರಿದೆಯೇ, ಮೋಟರ್ ಓಡುತ್ತಿದೆಯೇ, ಮೇಲಿನ ಟ್ಯಾಂಕ್ ತುಂಬಿದೆಯೇ, ವಾಲ್ವ್ ತೆರೆದಿದೆಯೇ ಎಂದು ಬುಡದಿಂದ ನೋಡುತ್ತಾ ಬರುತ್ತೇವೆ. ಕಂಪ್ಯೂಟರ್‌ನಲ್ಲೂ ಹಾಗೆಯೇ. ಪರದೆ ಕೊನೆಯ ನಲ್ಲಿ, ಬುಡದಲ್ಲಿರುವುದು ಎಸ್‌ಎಂಪಿಎಸ್.

ಎಸ್‌ಎಂಪಿಎಸ್ ಎಂದರೆ ಕ್ಯಾಬಿನೆಟ್ ಒಳಗಿನ ಲೋಹದ ಪೆಟ್ಟಿಗೆ. ಗೋಡೆಯ 230 ವೋಲ್ಟ್ ಎಸಿಯನ್ನು ಅದು 12, 5 ಮತ್ತು 3.3 ವೋಲ್ಟ್ ಡಿಸಿಯಾಗಿ ಬದಲಿಸಿ ಹಂಚುತ್ತದೆ. ಪ್ಲಗ್ ಹಾಕಿ ಹಿಂದಿನ ಸ್ವಿಚ್ ಒತ್ತಿದ ಕೂಡಲೇ, ಕಂಪ್ಯೂಟರ್ ಆನ್ ಆಗುವ ಮೊದಲೇ, ಅದು ಮದರ್‌ಬೋರ್ಡ್‌ಗೆ 5 ವೋಲ್ಟ್‌ನ ಸಣ್ಣ ಸರಬರಾಜು ಕೊಡುತ್ತಿರುತ್ತದೆ. ಇದಕ್ಕೆ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ನೀವು ಮುಂದಿನ ಬಟನ್ ಒತ್ತಿದಾಗ ಮದರ್‌ಬೋರ್ಡ್ 24 ಪಿನ್ ಕೇಬಲ್‌ನ ಒಂದು ತಂತಿಯನ್ನು ಗ್ರೌಂಡ್‌ಗೆ ಸೇರಿಸುತ್ತದೆ. ‘ಇನ್ನು ಪೂರ್ತಿ ವಿದ್ಯುತ್ ಕೊಡು’ ಎಂಬ ಸಂಕೇತ ಅದು. ವೋಲ್ಟೇಜ್‌ಗಳು ಸ್ಥಿರವಾದ ಮೇಲೆ, ಅರ್ಧ ಸೆಕೆಂಡಿನೊಳಗೆ, ಎಸ್‌ಎಂಪಿಎಸ್ ‘ಪವರ್ ಗುಡ್’ ಎಂಬ ಮರುಸಂಕೇತ ಕಳಿಸುತ್ತದೆ. ಪ್ರೊಸೆಸರ್ ಕೆಲಸ ಶುರು ಮಾಡುವುದು ಆಗಲೇ.

ಮುಂದಿನದು ಬಯೋಸ್‌ನ ಕೆಲಸ. ಮದರ್‌ಬೋರ್ಡ್ ಮೇಲಿನ ಸಣ್ಣ ಚಿಪ್ಪಿನಲ್ಲಿ ಕೂತಿರುವ ಈ ತಂತ್ರಾಂಶ ಶಾಲೆಯಲ್ಲಿ ಹಾಜರಿ ಕೂಗುವಂತೆ ಒಂದೊಂದು ಭಾಗವನ್ನೂ ಕರೆಯುತ್ತದೆ: ಮೊದಲು ಪ್ರೊಸೆಸರ್, ಆಮೇಲೆ ರ‍್ಯಾಮ್, ಆಮೇಲೆ ಗ್ರಾಫಿಕ್ಸ್, ಕೊನೆಗೆ ವಿಂಡೋಸ್ ಇರುವ ಡಿಸ್ಕ್. ಈ ಹಾಜರಿಗೆ ‘ಪೋಸ್ಟ್’ ಎಂದು ಹೆಸರು. ರ‍್ಯಾಮ್ ಉತ್ತರ ಕೊಡದಿದ್ದರೆ ಗ್ರಾಫಿಕ್ಸ್‌ನ ಸರದಿ ಬರುವುದೇ ಇಲ್ಲ, ಪರದೆಗೆ ಏನೂ ಹೋಗುವುದಿಲ್ಲ. ಡಿಸ್‌ಪ್ಲೇ ಬರುತ್ತಿಲ್ಲ ಎಂದ ಮಾತ್ರಕ್ಕೆ ಮಾನಿಟರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಹಾಳಾಗಿದೆ ಎಂದುಕೊಳ್ಳಬಾರದು ಎನ್ನುವುದು ಇದಕ್ಕೇ.

## ಕೈ ಹಾಕುವ ಮುನ್ನ

ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಆಮೇಲೆ ಕ್ಯಾಬಿನೆಟ್‌ನ ಪವರ್ ಬಟನ್ ಅನ್ನು ನಾಲ್ಕೈದು ಸೆಕೆಂಡು ಒತ್ತಿ ಹಿಡಿಯಿರಿ. ಬೋರ್ಡ್ ಮೇಲೆ ಉಳಿದಿದ್ದ ವಿದ್ಯುತ್ ಖಾಲಿಯಾಗುತ್ತದೆ, ಆಗ ದೀಪಗಳು ಒಮ್ಮೆ ಮಿನುಗಿ ಆರುವುದೂ ಉಂಟು. ಸ್ಟ್ಯಾಂಡ್‌ಬೈ ಇರುವಾಗ ರ‍್ಯಾಮ್ ಕೀಳುವುದು, ಹಾಕುವುದು ಅಪಾಯ. ಕೆಲಸ ಮಾಡುವಾಗ ಆಗಾಗ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿದ್ದರೆ ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ ಚಿಪ್ಪುಗಳಿಗೆ ಹೊಡೆಯುವುದಿಲ್ಲ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ನಲ್ಲಿ ಜೀವಕ್ಕೆ ಎರವಾಗುವಷ್ಟು ವೋಲ್ಟೇಜ್ ಉಳಿದಿರಬಹುದು.

ಅರ್ಥಿಂಗ್ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥ್ ತಂತಿ ಎಳೆದಿರುವುದಿಲ್ಲ. ಅಂಥ ಕಡೆ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿರುವ ಸಣ್ಣ ಕೆಪ್ಯಾಸಿಟರ್‌ಗಳು ಅರ್ಥ್‌ಗೆ ಹರಿಸಬೇಕಾದ ತೀರಾ ಕಡಿಮೆ ಕರೆಂಟ್ ದಾರಿ ಸಿಗದೆ ಲೋಹದ ಮೈಯಲ್ಲೇ ನಿಲ್ಲುವುದರಿಂದ ಹೀಗಾಗುತ್ತದೆ. ಜೋಡಣೆಯ ತಪ್ಪು ಅದಲ್ಲ, ಆದರೂ ಕಡೆಗಣಿಸುವಂಥದ್ದೂ ಅಲ್ಲ. ಎಸ್‌ಎಂಪಿಎಸ್‌ನಲ್ಲಿ ನಿಜವಾದ ದೋಷ ಬಂದ ದಿನ ನಿಮ್ಮನ್ನು ಕಾಪಾಡುವುದು ಅದೇ ಅರ್ಥ್ ತಂತಿ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿಕೊಳ್ಳಿ.

## ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ

ಫ್ಯಾನ್ ಇಲ್ಲ, ದೀಪ ಇಲ್ಲ, ಸದ್ದಿಲ್ಲ. ಗೋಡೆಯ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ‘ಒಂದು’ ಎಂಬ ಗೆರೆಯ ಕಡೆ ಇರಬೇಕು, ಸೊನ್ನೆಯ ಕಡೆ ಅಲ್ಲ. ಪವರ್ ಕೇಬಲ್‌ನ ಎಸ್‌ಎಂಪಿಎಸ್ ಕಡೆಯ ತುದಿ ಕೊನೆಯವರೆಗೂ ಹೋಗಿರುವುದಿಲ್ಲ, ಗಟ್ಟಿಯಾಗಿ ಒತ್ತಿ. ಮಾಡ್ಯುಲರ್ ಎಸ್‌ಎಂಪಿಎಸ್ ಆಗಿದ್ದರೆ, ಅಂದರೆ ಕೇಬಲ್‌ಗಳನ್ನು ಪೆಟ್ಟಿಗೆಯಿಂದಲೂ ಬಿಡಿಸಬಹುದಾದ ಬಗೆಯದಾಗಿದ್ದರೆ, 24 ಪಿನ್ ಕೇಬಲ್‌ನ ಎರಡೂ ತುದಿ ನೋಡಬೇಕು.

ಇವೆಲ್ಲ ಸರಿಯಿದ್ದರೆ ಅನುಮಾನ ಮುಂದಿನ ಬಟನ್‌ನಿಂದ ಬರುವ ಸಣ್ಣ ತಂತಿಗಳ ಮೇಲೆ. ಮದರ್‌ಬೋರ್ಡ್‌ನ ಕೆಳಗಿನ ಬಲ ಮೂಲೆಯಲ್ಲಿ ಒಂಬತ್ತು ಸಣ್ಣ ಪಿನ್‌ಗಳ ಗುಂಪು ಇರುತ್ತದೆ. ಪವರ್ ಸ್ವಿಚ್, ರೀಸೆಟ್, ಪವರ್ ದೀಪ, ಡಿಸ್ಕ್ ದೀಪ, ಎಲ್ಲವೂ ಅಲ್ಲಿಗೇ. ಪವರ್ ಸ್ವಿಚ್ಚಿನ ಎರಡು ತಂತಿ ಯಾವ ಕಡೆ ತಿರುಗಿಸಿ ಹಾಕಿದರೂ ನಡೆಯುತ್ತದೆ, ದೀಪದ ತಂತಿಗಳಿಗೆ ಮಾತ್ರ ಪ್ಲಸ್ ಮೈನಸ್ ಮುಖ್ಯ. ಆದರೆ ಒಂದು ಪಿನ್ ಪಕ್ಕಕ್ಕೆ ಸರಿದರೂ ಬಟನ್ ಸತ್ತಂತೆಯೇ. ಪರೀಕ್ಷೆ ಸುಲಭ: ಆ ತಂತಿಗಳನ್ನು ತೆಗೆದು, ಕೈಪಿಡಿಯಲ್ಲಿ ಪವರ್ ಸ್ವಿಚ್ ಎಂದು ತೋರಿಸಿರುವ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಬಟನ್ ಮಾಡುವುದೂ ಇದನ್ನೇ, ಹೆದರಬೇಕಿಲ್ಲ. ಯಂತ್ರ ಎದ್ದರೆ ತೊಂದರೆ ಬಟನ್‌ನದು. ಏಳದಿದ್ದರೆ ಎಸ್‌ಎಂಪಿಎಸ್ ಅಥವಾ ಬೋರ್ಡ್‌ನದು. ಗೊತ್ತಿರುವವರ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಎಸ್‌ಎಂಪಿಎಸ್ ತಂದು ಹಾಕಿ ನೋಡುವುದು ಇದನ್ನು ಬಿಡಿಸುವ ನೇರ ದಾರಿ.

ಹಾಗೆ ತಂದಾಗ ಕೇಬಲ್‌ಗಳನ್ನೂ ಅದರದ್ದೇ ತನ್ನಿ. ಮಾಡ್ಯುಲರ್ ಕೇಬಲ್‌ಗಳ ಎಸ್‌ಎಂಪಿಎಸ್ ಕಡೆಯ ತುದಿಗೆ ಒಪ್ಪಿತ ನಿಯಮವಿಲ್ಲ, ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಮಾದರಿಗಳಿಗೂ ತಂತಿಗಳ ಕ್ರಮ ಬೇರೆ. ಆಕಾರ ಹೊಂದಿತು ಎಂದು ಬೇರೆಯದರ ಕೇಬಲ್ ಸಿಕ್ಕಿಸಿದರೆ 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ ಡಿಸ್ಕ್ ಸುಡುತ್ತದೆ. ಒಳ್ಳೆಯ ಭಾಗವನ್ನು ಜೋಡಿಸುವವರೇ ಹಾಳುಮಾಡಿಬಿಡುವ ಕೆಲವೇ ತಪ್ಪುಗಳಲ್ಲಿ ಇದೊಂದು.

## ಒಂದು ಕ್ಷಣ ಹೊತ್ತಿ ಆರಿಹೋಗುತ್ತದೆ

ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು ಎಂದರೆ ಎಸ್‌ಎಂಪಿಎಸ್ ಎಲ್ಲೋ ಶಾರ್ಟ್ ಕಂಡು ತನ್ನನ್ನು ತಾನೇ ಆರಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಮದರ್‌ಬೋರ್ಡ್ ಕ್ಯಾಬಿನೆಟ್‌ಗೆ ತಾಗದಂತೆ ಅದರಡಿ ಹಿತ್ತಾಳೆಯ ಸಣ್ಣ ಕಾಲುಗಳಿರುತ್ತವೆ. ಇವಕ್ಕೆ ಸ್ಟ್ಯಾಂಡ್‌ಆಫ್ ಎನ್ನುತ್ತಾರೆ. ಬೋರ್ಡ್‌ನ ಸ್ಕ್ರೂ ತೂತಿಲ್ಲದ ಜಾಗದಲ್ಲಿ ಒಂದು ಕಾಲು ಹೆಚ್ಚಾಗಿ ಉಳಿದಿದ್ದರೆ ಅದು ಬೋರ್ಡ್‌ನ ಬೆನ್ನಿನ ಬೆಸುಗೆಗೆ ತಾಗುತ್ತದೆ. ಕಾಲುಗಳನ್ನೇ ಹಾಕದೆ ಬೋರ್ಡ್ ಕೂರಿಸಿದ್ದರಂತೂ ಇಡೀ ಬೆನ್ನೇ ತಾಗಿರುತ್ತದೆ. ಕೈಜಾರಿ ಬಿದ್ದ ಸ್ಕ್ರೂ ಬೋರ್ಡ್ ಹಿಂದೆ ಸೇರಿರುವುದು, ಮುಂಭಾಗದ ಯುಎಸ್‌ಬಿ 3 ಕೇಬಲ್ ಒತ್ತುವಾಗ ಅದರ 19 ಪಿನ್‌ಗಳಲ್ಲಿ ಒಂದೆರಡು ಬಗ್ಗಿ ಒಂದಕ್ಕೊಂದು ತಾಗಿರುವುದು, ಇವೂ ಇದೇ ಲಕ್ಷಣ ತೋರಿಸುತ್ತವೆ.

## ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಕೊಳ್ಳುವುದು ಇಲ್ಲೇ.

ಮಾನಿಟರ್‌ನ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಮೊದಲು ನೋಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಎಚ್‌ಡಿಎಂಐ ಕೇಬಲ್ ಆ ಕಾರ್ಡ್‌ನ ಕಿಂಡಿಗೆ ಹೋಗಬೇಕು, ಮೇಲಿರುವ ಮದರ್‌ಬೋರ್ಡ್‌ನ ಕಿಂಡಿಗೆ ಅಲ್ಲ. ಕಾರ್ಡ್ ಇಲ್ಲದಿದ್ದರೆ ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಇರಬೇಕು. ಇಂಟೆಲ್‌ನ ಐ5 12400ಎಫ್‌ನಂತೆ ಹೆಸರಿನ ತುದಿಯಲ್ಲಿ ‘ಎಫ್’ ಇರುವವಕ್ಕೆ ಅದು ಇಲ್ಲ. ಎಎಂಡಿಯ ರೈಜನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ರೈಜನ್ 7600ರಲ್ಲಿ ಇದೆ, 7500ಎಫ್‌ನಲ್ಲಿ ಇಲ್ಲ. ಒಂದು ಅಕ್ಷರ ಗಮನಿಸದೆ ಕೊಂಡು, ಕಾರ್ಡ್ ಆಮೇಲೆ ತಂದರಾಯಿತು ಎಂದುಕೊಂಡರೆ ಅಲ್ಲಿಯವರೆಗೂ ಪರದೆ ಕಪ್ಪೇ. ಮಾನಿಟರ್‌ನ ಮೆನುವಿನಲ್ಲಿ ಸರಿಯಾದ ಇನ್‌ಪುಟ್ ಆರಿಸಿದ್ದೀರಾ ಎಂಬುದನ್ನೂ ನೋಡಿಬಿಡಿ.

ಎರಡನೆಯದು ಪ್ರೊಸೆಸರ್‌ನ ವಿದ್ಯುತ್. 24 ಪಿನ್ ಕೇಬಲ್ ಒಂದನ್ನೇ ಹಾಕಿದರೆ ಫ್ಯಾನ್, ದೀಪ ಎಲ್ಲ ಬರುತ್ತವೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಬೋರ್ಡ್‌ನ ಮೇಲಿನ ಎಡ ಮೂಲೆಯಲ್ಲಿ, ಕೈ ಹೋಗಲು ಕಷ್ಟವಾದ ಕಡೆ, 8 ಪಿನ್ನಿನ ಇನ್ನೊಂದು ಕಿಂಡಿ ಇರುತ್ತದೆ. ‘ಸಿಪಿಯು’ ಎಂದು ಬರೆದಿರುವ, ನಾಲ್ಕು ನಾಲ್ಕಾಗಿ ಬಿಡಿಸಬಹುದಾದ ಕೇಬಲ್ ಅಲ್ಲಿಗೆ ಹೋಗಬೇಕು. ಗ್ರಾಫಿಕ್ಸ್ ಕಾರ್ಡ್‌ಗೆಂದು ಕೊಟ್ಟ 8 ಪಿನ್ ಕೇಬಲ್ ನೋಡಲು ಹಾಗೇ ಇದ್ದರೂ ಆರು ಮತ್ತು ಎರಡಾಗಿ ಬಿಡಿಸಿಕೊಳ್ಳುತ್ತದೆ. ಅದರ ತಂತಿಗಳ ಕ್ರಮ ತಿರುಗುಮುರುಗು, ಬಲ ಹಾಕಿ ತೂರಿಸಬೇಡಿ.

ಇನ್ನು ಮದರ್‌ಬೋರ್ಡ್ ಕೊಡುವ ಸುಳಿವು. ಈಚಿನ ಬಹಳ ಬೋರ್ಡ್‌ಗಳಲ್ಲಿ, ಹೆಚ್ಚಾಗಿ ಬಲ ಅಂಚಿನಲ್ಲಿ 24 ಪಿನ್ ಕೇಬಲ್‌ನ ಹತ್ತಿರ, ಅಕ್ಕಿಕಾಳಿಗಿಂತ ಚಿಕ್ಕ ನಾಲ್ಕು ಎಲ್‌ಇಡಿ ಇರುತ್ತವೆ. ಪಕ್ಕದಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದಿರುತ್ತದೆ, ಅಂದರೆ ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕ್. ಹಾಜರಿ ಕೂಗುವ ಕ್ರಮದಲ್ಲೇ ಅವು ಒಂದೊಂದಾಗಿ ಹೊತ್ತಿ ಆರುತ್ತವೆ. ಯಾವುದು ಆರದೆ ನಿಂತಿತೋ ಬಯೋಸ್ ಅಲ್ಲೇ ಸಿಕ್ಕಿಕೊಂಡಿದೆ. ಕೋಣೆಯ ದೀಪ ಆರಿಸಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ಈ ಎಲ್‌ಇಡಿ ಇಲ್ಲದ ಅಗ್ಗದ ಬೋರ್ಡ್‌ಗೆ ಸಣ್ಣ ಬೀಪ್ ಸ್ಪೀಕರ್ ಸಿಕ್ಕಿಸಬಹುದು. ಎಷ್ಟು ಬೀಪ್‌ಗೆ ಏನರ್ಥ ಎಂಬುದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆಯಾದ್ದರಿಂದ ಕೈಪಿಡಿಯನ್ನೇ ನೋಡಬೇಕು.

ಡಿರ‍್ಯಾಮ್ ದೀಪ ನಿಂತರೆ. ಡಿಡಿಆರ್5 ರ‍್ಯಾಮ್ ಇರುವ ಯಂತ್ರವನ್ನು ಮೊದಲ ಸಲ ಆನ್ ಮಾಡಿದ್ದರೆ, ಏನೂ ಮುಟ್ಟದೆ ಕಾಯಿರಿ. ಬಯೋಸ್ ಪ್ರತಿ ರ‍್ಯಾಮ್ ಕಡ್ಡಿಯ ಜತೆ ಸಂಕೇತಗಳ ಸಮಯವನ್ನು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಮೆಮರಿ ಟ್ರೈನಿಂಗ್ ಎಂದು ಹೆಸರು. ರೈಜನ್ 7000 ಸಾಲಿನಿಂದ ಬಂದ ಎಎಂ5 ಬೋರ್ಡ್‌ಗಳಲ್ಲಿ ಮೊದಲ ಸಲ ಇದು ಹಲವು ನಿಮಿಷ ಹಿಡಿಯುತ್ತದೆ, ಕಡ್ಡಿ ದೊಡ್ಡದಾದಷ್ಟೂ, ನಾಲ್ಕು ಹಾಕಿದಷ್ಟೂ ಇನ್ನೂ ಹೆಚ್ಚು. ಪರದೆ ಕಪ್ಪಗಿದೆ ಎಂದು ಎರಡು ನಿಮಿಷಕ್ಕೆ ಆರಿಸಿದರೆ ಮುಂದಿನ ಸಲ ಮೊದಲಿನಿಂದ ಶುರು. ಹಾಗೆ ಆರಿಸಿ ಆರಿಸಿ, ಬೋರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸುವವರಿದ್ದಾರೆ. ಗಡಿಯಾರ ನೋಡಿ ಹದಿನೈದು ನಿಮಿಷ ಬಿಡಿ.

ಆಮೇಲೂ ಬರದಿದ್ದರೆ ರ‍್ಯಾಮ್ ಕಿತ್ತು ಮತ್ತೆ ಕೂರಿಸಿ. ಕಡ್ಡಿಯ ಎರಡೂ ತುದಿಗೆ ಹೆಬ್ಬೆರಳಿಟ್ಟು, ಬೋರ್ಡ್ ಸ್ವಲ್ಪ ಬಾಗುವಷ್ಟು ಒತ್ತಬೇಕಾಗುತ್ತದೆ. ಮೊದಲ ಸಲ ಮಾಡುವವರಿಗೆ ಅಷ್ಟು ಬಲ ಹಾಕಲು ಭಯ. ಹಾಗಾಗಿಯೇ ಒಂದು ತುದಿ ಕೂತು ಇನ್ನೊಂದು ಕೂದಲೆಳೆಯಷ್ಟು ಮೇಲೆ ಉಳಿಯುತ್ತದೆ. ಒಂದೇ ಕಡೆ ಕ್ಲಿಪ್ ಇರುವ ಬೋರ್ಡ್‌ಗಳಲ್ಲಿ ಕ್ಲಿಪ್ ಇಲ್ಲದ ಕಡೆಯೇ ಹೀಗಾಗುವುದು, ‘ಟಕ್’ ಸದ್ದು ಬಂದಿತೆಂದು ನಂಬಿ ಬಿಟ್ಟಿರುತ್ತೇವೆ. ಬದಿಯಿಂದ ಬೆಳಕು ಬಿಟ್ಟು ನೋಡಿ: ಚಿನ್ನದ ಬಣ್ಣದ ಗೆರೆ ಎರಡೂ ತುದಿಯಲ್ಲಿ ಒಂದೇ ಮಟ್ಟದಲ್ಲಿ ಮುಳುಗಿರಬೇಕು.

ಸ್ಲಾಟ್ ಯಾವುದು ಎಂಬುದೂ ಮುಖ್ಯ. ನಾಲ್ಕು ಸ್ಲಾಟ್‌ಗಳ ಬೋರ್ಡ್‌ನಲ್ಲಿ ಎರಡು ಕಡ್ಡಿ ಹಾಕುವುದಾದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದು. ಒಂದೇ ಕಡ್ಡಿಯಾದರೆ ಸಾಮಾನ್ಯವಾಗಿ ಎರಡನೆಯದು. ಪರೀಕ್ಷೆಗೆ ಒಂದೇ ಕಡ್ಡಿ ಇಟ್ಟು ಆನ್ ಮಾಡಿ, ಬರದಿದ್ದರೆ ಇನ್ನೊಂದು ಕಡ್ಡಿಯನ್ನು ಅದೇ ಸ್ಲಾಟ್‌ನಲ್ಲಿ ಹಾಕಿ. ಎರಡೂ ಕಡ್ಡಿ ಒಂದು ಸ್ಲಾಟ್‌ನಲ್ಲಿ ನಡೆದು ಇನ್ನೊಂದರಲ್ಲಿ ನಡೆಯದಿದ್ದರೆ ದೋಷ ರ‍್ಯಾಮ್‌ನದಲ್ಲ. ಆಗ ನೋಡಬೇಕಾದ್ದು ಪ್ರೊಸೆಸರ್‌ನ ಅಡಿಯನ್ನು. ರ‍್ಯಾಮ್ ಅನ್ನು ನಡೆಸುವ ಸರ್ಕ್ಯೂಟ್ ಇರುವುದು ಪ್ರೊಸೆಸರ್‌ನ ಒಳಗೇ. ಪ್ರೊಸೆಸರ್ ಕೂರುವ ಸಾಕೆಟ್‌ನ ಒಂದು ಪಿನ್ ಬಗ್ಗಿದರೆ ರ‍್ಯಾಮ್‌ನ ಒಂದು ಸಾಲು ಪೂರ್ತಿ ಕಾಣೆಯಾಗುವುದು ಇದರಿಂದ. ಕೂಲರ್‌ನ ಸ್ಕ್ರೂಗಳನ್ನು ಒಂದು ಕಡೆ ಅತಿಯಾಗಿ ಬಿಗಿದರೂ ಇದೇ ಲಕ್ಷಣ ಕಾಣಬಹುದು.

ಸಿಪಿಯು ದೀಪ ನಿಂತರೆ. 8 ಪಿನ್ ಕೇಬಲ್ ಇದೆ ಎಂದು ಖಚಿತವಾದ ಮೇಲೆ ಉಳಿಯುವುದು ಬಗ್ಗಿದ ಪಿನ್ ಮತ್ತು ಹಳೆಯ ಬಯೋಸ್. ಇಂಟೆಲ್‌ನ ಎಲ್‌ಜಿಎ 1700 ಮತ್ತು ಎಎಂಡಿಯ ಎಎಂ5 ಎಂಬ ಎರಡೂ ಬಗೆಯಲ್ಲಿ ಪಿನ್ ಇರುವುದು ಬೋರ್ಡ್‌ನ ಸಾಕೆಟ್‌ನಲ್ಲಿ, ಮೊದಲನೆಯದರಲ್ಲಿ 1700, ಎರಡನೆಯದರಲ್ಲಿ 1718. ಪ್ರೊಸೆಸರ್ ತೆಗೆದು ಮೊಬೈಲ್ ಟಾರ್ಚ್ ಅನ್ನು ಓರೆಯಾಗಿ ಹಿಡಿದರೆ ಪಿನ್‌ಗಳ ತುದಿ ಗದ್ದೆಯ ನಾಟಿ ಸಾಲಿನಂತೆ ಒಂದೇ ದಿಕ್ಕಿಗೆ ಹೊಳೆಯುತ್ತವೆ. ಬಗ್ಗಿದ್ದು ಬೇರೆ ದಿಕ್ಕಿಗೆ ಹೊಳೆಯುತ್ತದೆ, ಅಥವಾ ಸಾಲಿನಲ್ಲಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಹಳೆಯ ಎಎಂ4ರಲ್ಲಿ ಪಿನ್ ಪ್ರೊಸೆಸರ್‌ನಲ್ಲೇ ಇರುತ್ತದೆ. ಅಲ್ಲಿ ಕೂಲರ್ ಅನ್ನು ನೇರ ಮೇಲಕ್ಕೆ ಎಳೆದರೆ ನಡುವಿನ ಶಾಖ ಸಾಗಿಸುವ ಪೇಸ್ಟ್‌ಗೆ ಅಂಟಿದ ಪ್ರೊಸೆಸರ್ ಕೂಡ ಸಾಕೆಟ್‌ನಿಂದ ಕಿತ್ತು ಬರುತ್ತದೆ. ಯಂತ್ರ ಆನ್ ಆಗುವಂತಿದ್ದರೆ ಕೆಲವು ನಿಮಿಷ ಓಡಿಸಿ ಬಿಸಿ ಮಾಡಿ, ಆರಿಸಿ, ಕೂಲರ್ ಅನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ, ಆಮೇಲೆ ಎತ್ತಿ.

ಬಯೋಸ್ ಹಳೆಯದಾಗುವುದು ಹೇಗೆ? ಬೋರ್ಡ್ ತಯಾರಾದ ದಿನ ಇದ್ದ ಬಯೋಸ್‌ಗೆ ಆಮೇಲೆ ಬಂದ ಪ್ರೊಸೆಸರ್‌ಗಳ ಪರಿಚಯ ಇರುವುದಿಲ್ಲ. ಗೋದಾಮಿನಲ್ಲಿ ಉಳಿದಿದ್ದ ಬಿ450 ಬೋರ್ಡ್‌ಗೆ ರೈಜನ್ 5000, ಮೊದಲ ಕಂತಿನ ಬಿ650 ಬೋರ್ಡ್‌ಗೆ 2024ರಲ್ಲಿ ಬಂದ ರೈಜನ್ 9000, ಇಂಟೆಲ್‌ನ 600 ಸಾಲಿನ ಬೋರ್ಡ್‌ಗೆ 13 ಅಥವಾ 14ನೇ ತಲೆಮಾರಿನ ಪ್ರೊಸೆಸರ್ ಹಾಕಿದಾಗ ಹೀಗಾಗುತ್ತದೆ. ಸಾಕೆಟ್ ಹೊಂದುತ್ತದೆ, ಯಂತ್ರ ಏಳುವುದಿಲ್ಲ. ಬೋರ್ಡ್ ಕಂಪನಿಯ ತಾಣದಲ್ಲಿ ನಿಮ್ಮ ಮಾದರಿಯ ಪುಟ ತೆರೆದರೆ ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಆವೃತ್ತಿ ಬೇಕು ಎಂಬ ಪಟ್ಟಿ ಇರುತ್ತದೆ.

ಬೋರ್ಡ್‌ನಲ್ಲಿ ‘ಬಯೋಸ್ ಫ್ಲ್ಯಾಶ್‌ಬ್ಯಾಕ್’ ಸೌಲಭ್ಯವಿದ್ದರೆ ಪ್ರೊಸೆಸರ್ ಏಳದಿದ್ದರೂ ಬಯೋಸ್ ಬದಲಿಸಬಹುದು. ಪೆನ್‌ಡ್ರೈವ್ ಅನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಬೇರೆ ಕಂಪ್ಯೂಟರ್‌ನಿಂದ ಹೊಸ ಬಯೋಸ್ ಇಳಿಸಿ, ಕೈಪಿಡಿ ಹೇಳಿದ ಹೆಸರಿಟ್ಟು ಹಾಕಿ. ಬೋರ್ಡ್ ಹಿಂಭಾಗದಲ್ಲಿ ಗುರುತು ಮಾಡಿದ ಯುಎಸ್‌ಬಿ ಕಿಂಡಿಗೇ ಅದು ಹೋಗಬೇಕು, ಬೇರೆಯದು ನಡೆಯುವುದಿಲ್ಲ. ಕಂಪ್ಯೂಟರ್ ಆರಿದ್ದು ಎಸ್‌ಎಂಪಿಎಸ್ ಆನ್ ಇರುವಾಗ ಪಕ್ಕದ ಸಣ್ಣ ಬಟನ್ ಅನ್ನು ಮೂರು ಸೆಕೆಂಡು ಒತ್ತಿದರೆ ದೀಪ ಮಿನುಗಲು ಶುರುವಾಗುತ್ತದೆ. ಅದು ನಿಲ್ಲಲು ಐದರಿಂದ ಹತ್ತು ನಿಮಿಷ ಬೇಕು. ಶುರುವಾದ ಎರಡೇ ಸೆಕೆಂಡಿಗೆ ನಿಂತರೆ ಅಥವಾ ಮಿನುಗದೆ ಹೊತ್ತಿಕೊಂಡೇ ಇದ್ದರೆ ಫೈಲ್‌ನ ಹೆಸರು ಅಥವಾ ಫಾರ್ಮ್ಯಾಟ್ ತಪ್ಪಿದೆ. ಈ ಹೊತ್ತಿನಲ್ಲಿ ಕರೆಂಟ್ ಹೋಗಬಾರದು, ಯುಪಿಎಸ್‌ಗೆ ಹಾಕಿಯೇ ಮಾಡಿ.

ವಿಜಿಎ ದೀಪ ನಿಂತರೆ ಗ್ರಾಫಿಕ್ಸ್ ಕಾರ್ಡ್ ಕಿತ್ತು, ಸ್ಲಾಟ್‌ನ ಕೊನೆಯ ಕ್ಲಿಪ್ ಬೀಳುವವರೆಗೂ ಒತ್ತಿ ಕೂರಿಸಿ. ಕ್ಯಾಬಿನೆಟ್‌ನ ಹಿಂದಿನ ತಗಡು ಅಡ್ಡ ಬಂದು ಕಾರ್ಡ್ ಒಂದು ಕಡೆ ಎದ್ದಿರಬಹುದು. ಸ್ಲಾಟ್‌ನಿಂದ ಸಿಗುವುದು ಹೆಚ್ಚೆಂದರೆ 75 ವಾಟ್, 8 ಪಿನ್ನಿನ ಒಂದು ಕೇಬಲ್‌ಗೆ 150 ವಾಟ್. ಕಾರ್ಡ್‌ನಲ್ಲಿ ಎರಡು ಕಿಂಡಿ ಇದ್ದರೆ ಎರಡಕ್ಕೂ ಹಾಕಲೇಬೇಕು, ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ಎಳೆಯುವುದು ಒಳ್ಳೆಯದು. ಹೊಸ ದೊಡ್ಡ ಕಾರ್ಡ್‌ಗಳ 16 ಪಿನ್ನಿನ ಸಣ್ಣ ಕನೆಕ್ಟರ್ ವಿಷಯದಲ್ಲಿ ಇನ್ನೂ ಎಚ್ಚರ. 600 ವಾಟ್ ಎಂದರೆ 12 ವೋಲ್ಟ್‌ನಲ್ಲಿ 50 ಆಂಪಿಯರ್. ಅದು ಪೂರ್ತಿ ಕೂರದಿದ್ದರೆ ಕೆಲವೇ ಪಿನ್‌ಗಳ ಮೇಲೆ ಹೊರೆ ಬಿದ್ದು ಪ್ಲಾಸ್ಟಿಕ್ ಕರಗುತ್ತದೆ. 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಹಾಗೆ ಕರಗಿದ ಕನೆಕ್ಟರ್‌ಗಳು ಸುದ್ದಿಯಾಗಿದ್ದವು. ಅಂಚಿನಲ್ಲಿ ಸಂದು ಕಾಣದಷ್ಟು ಒತ್ತಿ, ಕನೆಕ್ಟರ್‌ನ ಪಕ್ಕದಲ್ಲೇ ಕೇಬಲ್ ಮಡಿಸಬೇಡಿ.

ಬೂಟ್ ದೀಪವೊಂದೇ ಉಳಿದರೆ ಸಂತೋಷಪಡಿ. ಹೊಸ ಡಿಸ್ಕ್‌ನಲ್ಲಿ ವಿಂಡೋಸ್ ಇಲ್ಲ ಎಂದಷ್ಟೇ ಅದು ಹೇಳುತ್ತಿದೆ.

## ಹೊರಗಿಟ್ಟು ನೋಡುವುದು

ದಾರಿ ಕಾಣದಿದ್ದರೆ ಮದರ್‌ಬೋರ್ಡ್ ಅನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಜತೆಗೆ ಬಂದ ಬೂದು ಬಣ್ಣದ ಕವರ್ ಮೇಲೆ ಬೇಡ, ಅಂಥ ಕವರ್‌ಗಳ ಹೊರಮೈ ವಿದ್ಯುತ್ ಹರಿಸಬಲ್ಲದು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್ ಕಡ್ಡಿ, ಎಸ್‌ಎಂಪಿಎಸ್‌ನ 24 ಮತ್ತು 8 ಪಿನ್ ಕೇಬಲ್, ಇಷ್ಟೇ ಸಾಕು. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್ ಸೇರಿಸಿ. ಡಿಸ್ಕ್, ಹೆಚ್ಚಿನ ಫ್ಯಾನ್, ಮುಂಭಾಗದ ಯುಎಸ್‌ಬಿ ಯಾವುದೂ ಬೇಡ. ಪವರ್ ಪಿನ್‌ಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಆನ್ ಮಾಡಿ. ಇಲ್ಲಿ ಎದ್ದರೆ ದೋಷ ಕ್ಯಾಬಿನೆಟ್‌ನಲ್ಲಿದೆ ಅಥವಾ ನೀವು ಬಿಟ್ಟ ಭಾಗಗಳಲ್ಲಿದೆ. ಒಂದೊಂದೇ ಸೇರಿಸುತ್ತಾ, ಪ್ರತಿ ಸಲ ಪ್ಲಗ್ ಕಿತ್ತು, ಮುಂದೆ ಹೋಗಿ.

ಇದರ ಜತೆಗೇ ಬಯೋಸ್‌ನ ನೆನಪನ್ನೂ ಅಳಿಸಿಬಿಡಿ. ಪ್ಲಗ್ ಕಿತ್ತು, ಸಿಆರ್2032 ಎಂಬ ನಾಣ್ಯದಂಥ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಇಲ್ಲವೇ ಕೈಪಿಡಿ ತೋರಿಸುವ ‘ಕ್ಲಿಯರ್ ಸಿಮಾಸ್’ ಎಂಬ ಎರಡು ಪಿನ್‌ಗಳನ್ನು ಹತ್ತು ಸೆಕೆಂಡು ಜೋಡಿಸಿ. ಮುಂದಿನ ಸಲ ಡಿಡಿಆರ್5 ಮತ್ತೆ ಟ್ರೈನಿಂಗ್‌ಗೆ ಸಮಯ ತೆಗೆದುಕೊಳ್ಳುತ್ತದೆ ಎಂಬುದು ನೆನಪಿರಲಿ.

## ಬಯೋಸ್ ಬಂತು, ವಿಂಡೋಸ್ ಕೂರುತ್ತಿಲ್ಲ

ಬಯೋಸ್ ಪರದೆ ಕಂಡ ಕೂಡಲೇ ಪ್ರೊಸೆಸರ್‌ನ ತಾಪಮಾನ ನೋಡಿ. 35ರಿಂದ 50 ಡಿಗ್ರಿಯ ಆಸುಪಾಸು ಸಹಜ. ಕಣ್ಣೆದುರೇ 70, 80, 90 ಎಂದು ಏರುತ್ತಿದ್ದರೆ ಆರಿಸಿ. ಕೂಲರ್‌ನ ಅಡಿಯಲ್ಲಿ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆ ತೆಗೆಯಲು ಮರೆತಿರಬಹುದು, ಒಂದು ಮೂಲೆಯ ಸ್ಕ್ರೂ ಹಿಡಿದಿರದೆ ಇರಬಹುದು, ನೀರಿನ ಕೂಲರ್ ಆದರೆ ಪಂಪ್‌ಗೆ ವಿದ್ಯುತ್ ಹೋಗಿರದೆ ಇರಬಹುದು.

ಡಿಸ್ಕ್ ಕಾಣದಿದ್ದರೆ ಎಂ.2 ಬಗೆಯದೇ ಎಂದು ನೋಡಿ. ಚೂಯಿಂಗ್ ಗಮ್ ಪಟ್ಟಿಯಂಥ ಈ ಡ್ರೈವ್‌ಗಳಲ್ಲಿ ಎನ್‌ವಿಎಂಇ ಮತ್ತು ಸಾಟಾ ಎಂಬ ಎರಡು ಜಾತಿ. ಬೋರ್ಡ್‌ನ ಕೆಲವು ಸ್ಲಾಟ್ ಒಂದನ್ನೇ ಓದುತ್ತವೆ. ಬಹಳ ಬೋರ್ಡ್‌ಗಳಲ್ಲಿ ಒಂದು ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಕಿಂಡಿ ನಿಷ್ಕ್ರಿಯವಾಗುತ್ತವೆ, ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಬಯೋಸ್‌ನಲ್ಲಿ ಡ್ರೈವ್ ಕಾಣುತ್ತಿದ್ದು ವಿಂಡೋಸ್ ಹಾಕುವಾಗ ಮಾತ್ರ ಕಾಣದಿದ್ದರೆ, ಇಂಟೆಲ್ ಯಂತ್ರಗಳಲ್ಲಿ ‘ವಿಎಂಡಿ’ ಎಂಬ ಆಯ್ಕೆ ಆನ್ ಇರಬಹುದು. ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿ, ಅಥವಾ ಇಂಟೆಲ್‌ನ ಸ್ಟೋರೇಜ್ ಡ್ರೈವರ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಿ.

‘ಈ ಪಿಸಿ ವಿಂಡೋಸ್ 11ಕ್ಕೆ ಅರ್ಹವಲ್ಲ’ ಎಂಬ ಸಂದೇಶ ಹೊಸ ಯಂತ್ರದಲ್ಲೂ ಬರಬಹುದು. ಟಿಪಿಎಂ 2.0 ಎಂಬ ಭದ್ರತಾ ಭಾಗ ಪ್ರೊಸೆಸರ್‌ನಲ್ಲೇ ಇರುತ್ತದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನಲ್ಲಿ ಅದರ ಹೆಸರು ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’. ಇನ್ನು ವೈಫೈಗೆ ಡ್ರೈವರ್ ಇಲ್ಲದೆ ವಿಂಡೋಸ್ ಇಂಟರ್‌ನೆಟ್ ಕೇಳುತ್ತಾ ನಿಂತರೆ, ಆಂಡ್ರಾಯ್ಡ್ ಮೊಬೈಲ್ ಅನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇರೆ ಡ್ರೈವರ್ ಬೇಕಿಲ್ಲ.

## ಎರಡು ದಿನ ಓಡಿ ಕೈಕೊಡುವ ಯಂತ್ರ

ನೀಲಿ ಪರದೆ, ತಾನಾಗಿ ರೀಸ್ಟಾರ್ಟ್, ಆಟದ ಮಧ್ಯೆ ಆರಿಹೋಗುವುದು. ಇಂಥದ್ದರಲ್ಲಿ ಮೊದಲ ಅನುಮಾನ ರ‍್ಯಾಮ್‌ನ ವೇಗದ ಮೇಲೆ. ಪೆಟ್ಟಿಗೆಯ ಮೇಲೆ 6000 ಎಂದಿರುವ ಡಿಡಿಆರ್5 ಕಡ್ಡಿ ತಾನಾಗಿ ಓಡುವುದು ಸಾಮಾನ್ಯವಾಗಿ 4800ರಲ್ಲಿ. ಬಯೋಸ್‌ನಲ್ಲಿ ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಂಡಿಯ ಎಕ್ಸ್‌ಪೋ ಎಂಬ ಆಯ್ಕೆ ಆನ್ ಮಾಡಿದಾಗ ಮಾತ್ರ 6000. ಅದು ಒಂದು ಬಗೆಯ ಓವರ್‌ಕ್ಲಾಕ್, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಎಲ್ಲ ಬೋರ್ಡ್ ಮತ್ತು ಪ್ರೊಸೆಸರ್ ಜೋಡಿ ಅದನ್ನು ತಾಳುತ್ತದೆ ಎಂಬ ಖಾತರಿ ಇಲ್ಲ. ಆಫ್ ಮಾಡಿ ಒಂದು ದಿನ ಓಡಿಸಿ. ತೊಂದರೆ ನಿಂತರೆ 5600ಕ್ಕೆ ಇಳಿಸಿ ನೋಡಬಹುದು. ಆಫ್ ಇದ್ದರೂ ತೊಂದರೆ ಇದ್ದರೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ಬಂದರೂ ಆ ಕಡ್ಡಿಯನ್ನು ಹಿಂತಿರುಗಿಸುವುದೇ ಸರಿ.

ವಿಂಡೋಸ್ ತನ್ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಕಂಡು ಎಸ್‌ಎಂಪಿಎಸ್ ಬದಲಿಸಲು ಓಡಬೇಡಿ. ಹಿಂದಿನ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗಿಲ್ಲ ಎಂದಷ್ಟೇ ಅದರ ಅರ್ಥ. ಆದರೆ ಆಟ ಶುರುವಾಗಿ ಗ್ರಾಫಿಕ್ಸ್ ಕಾರ್ಡ್ ಹೊರೆ ಎಳೆದ ಕ್ಷಣಕ್ಕೇ ಯಂತ್ರ ಪಟ್ಟನೆ ಆರುತ್ತಿದ್ದರೆ ಎಸ್‌ಎಂಪಿಎಸ್ ಸಾಲುತ್ತಿಲ್ಲ, ಇಲ್ಲವೇ ಯುಪಿಎಸ್ ಸಾಲುತ್ತಿಲ್ಲ. ನಮ್ಮಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಬ್ರೌಸರ್, ಟೈಪಿಂಗ್‌ಗೆ ಅದು ಧಾರಾಳ, ದೊಡ್ಡ ಕಾರ್ಡ್‌ನ ಆಟಕ್ಕೆ ಸಾಲದು. ಯುಪಿಎಸ್ ಬಿಟ್ಟು ನೇರ ಗೋಡೆಗೆ ಹಾಕಿ ಒಮ್ಮೆ ಪರೀಕ್ಷಿಸಿದರೆ ಗೊತ್ತಾಗುತ್ತದೆ.

ತಾಪಮಾನದ ವಿಷಯದಲ್ಲಿ ಗಾಬರಿ ಬೇಡದ ಒಂದು ಕಡೆ ಇದೆ. ರೈಜನ್ 7000 ಸಾಲಿನಲ್ಲಿ ಹೆಸರಿನ ತುದಿಗೆ ‘ಎಕ್ಸ್’ ಇರುವ ಮಾದರಿಗಳು ಪೂರ್ತಿ ಹೊರೆಯಲ್ಲಿ 95 ಡಿಗ್ರಿ ಮುಟ್ಟುವಂತೆಯೇ ಎಎಂಡಿ ವಿನ್ಯಾಸ ಮಾಡಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಬಲವಾದ ಡೆಸ್ಕ್‌ಟಾಪ್ ಪ್ರೊಸೆಸರ್ ಹಾಕಿದವರಿಗೆ ಬೇರೆ ಮಾತಿದೆ. ಅತಿಯಾದ ವೋಲ್ಟೇಜ್‌ನಿಂದ ಅವು ಕಾಲಕ್ರಮೇಣ ಸವೆಯುತ್ತಿರುವುದನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ಆ ವರ್ಷದ ಆಗಸ್ಟ್‌ನಿಂದ ಬಯೋಸ್ ಮೂಲಕ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅಂಥ ಪ್ರೊಸೆಸರ್ ಇದ್ದರೆ ವಿಂಡೋಸ್ ಹಾಕುವ ಮೊದಲೇ ಬಯೋಸ್ ಹೊಸದು ಮಾಡಿ. ತಿದ್ದುಪಡಿ ಮುಂದಿನ ಸವೆತ ತಡೆಯುತ್ತದೆ, ಆಗಲೇ ಸವೆದದ್ದನ್ನು ಸರಿ ಮಾಡುವುದಿಲ್ಲ.

## ಭಾಗ ನಿಜಕ್ಕೂ ಕೆಟ್ಟಿದ್ದರೆ

ಬದಲಿ ಭಾಗ ಹಾಕಿ ನೋಡಿ ದೋಷ ಖಚಿತವಾದ ಮೇಲೆ ಅಂಗಡಿಗೆ ಹೋಗಿ. ಬಿಲ್, ಪೆಟ್ಟಿಗೆ, ಸೀರಿಯಲ್ ಸಂಖ್ಯೆಯ ಸ್ಟಿಕರ್ ಮೂರೂ ಬೇಕು. ‘ಆನ್ ಆಗ್ತಿಲ್ಲ’ ಎನ್ನುವ ಬದಲು ‘ಡಿರ‍್ಯಾಮ್ ದೀಪದಲ್ಲಿ ನಿಲ್ಲುತ್ತದೆ, ಎರಡು ಬೇರೆ ಕಡ್ಡಿ ಹಾಕಿ ನೋಡಿದ್ದೇನೆ, ಬೇರೆ ಎಸ್‌ಎಂಪಿಎಸ್‌ನಲ್ಲೂ ಹೀಗೇ’ ಎಂದು ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ. ದೀಪ ನಿಂತಿರುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ಮದರ್‌ಬೋರ್ಡ್ ಕಳಿಸುವಾಗ ಸಾಕೆಟ್ ಮೇಲೆ ಮೊದಲು ಇದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮತ್ತೆ ಹಾಕಲೇಬೇಕು. ಪಿನ್ ಬಗ್ಗಿದರೆ ವಾರಂಟಿ ಸಿಗುವುದಿಲ್ಲ, ದಾರಿಯಲ್ಲಿ ಬಗ್ಗಿತೋ ಮನೆಯಲ್ಲೋ ಎಂದು ಆಮೇಲೆ ಹೇಳಲಾಗದು. ಪ್ರೊಸೆಸರ್ ಹಾಕಿದ ದಿನವೇ ಆ ಮುಚ್ಚಳವನ್ನು ಬೋರ್ಡ್‌ನ ಪೆಟ್ಟಿಗೆಯೊಳಗೆ ಎತ್ತಿಡಿ. ಕಳಿಸುವ ಮುನ್ನ ಸಾಕೆಟ್‌ನ ಹತ್ತಿರದ ಫೋಟೊ ಒಂದನ್ನು, ಪಿನ್‌ಗಳ ಸಾಲು ಸ್ಪಷ್ಟವಾಗಿ ಕಾಣುವಂತೆ, ಒಳ್ಳೆಯ ಬೆಳಕಿನಲ್ಲಿ ತೆಗೆದುಕೊಳ್ಳಿ.